ನೋವಿನ ಬೇರು ಹುಡುಕಿದ ವೈದ್ಯೆ

1955ರಲ್ಲಿ ಅಮೆರಿಕದ ಸೆನೆಟರ್ ಜಾನ್ ಕೆನಡಿ ಊರುಗೋಲು ಹಿಡಿದು ನ್ಯೂಯಾರ್ಕ್‌ನ ಡಾ. ಜಾನೆಟ್ ಟ್ರಾವೆಲ್ ಬಳಿ ಬಂದರು. ಬೆನ್ನಿನ ಶಸ್ತ್ರಚಿಕಿತ್ಸೆಗಳಿಂದ ಗುಣ ಕಂಡಿರಲಿಲ್ಲ. ಟ್ರಾವೆಲ್ ಕಾಲನ್ನೂ ನೋಡಿದರು. ಎಡಗಾಲು ತುಸು ಗಿಡ್ಡ! ಆ ಬೂಟಿನ ಹಿಮ್ಮಡಿ ಎತ್ತರಿಸಿದರು, ಬಿಗಿದ ಸ್ನಾಯುಗಳಿಗೆ ಚುಚ್ಚುಮದ್ದು ಕೊಟ್ಟರು, ತೂಗುಕುರ್ಚಿಯಲ್ಲಿ ಕೂರಲು ಹೇಳಿದರು.

1901ರಲ್ಲಿ ವೈದ್ಯರ ಮಗಳಾಗಿ ಹುಟ್ಟಿದ ಟ್ರಾವೆಲ್ ಮೊದಲು ಸಂಶೋಧಿಸಿದ್ದು ಹೃದಯದ ಔಷಧಗಳನ್ನು. ಆಮೇಲೆ ಸ್ನಾಯುನೋವಿನ ಜಾಡು ಹಿಡಿದರು. ನೋವು ಒಂದೆಡೆ, ಅದರ ಬೇರು ಇನ್ನೊಂದೆಡೆ. ಹೆಗಲಿನ ಸ್ನಾಯು ಗಂಟು ಕಟ್ಟಿದರೆ ತಲೆ ನೋಯಬಹುದು ಎಂದರು. ಆ ಗಂಟು ನಿಜಕ್ಕೂ ಏನು ಎಂಬ ಬಗ್ಗೆ ತಜ್ಞರಲ್ಲಿ ಇಂದಿಗೂ ಒಮ್ಮತವಿಲ್ಲ, ಅದು ಬೇರೆ ಮಾತು.

1961ರಲ್ಲಿ ಕೆನಡಿ ಅಧ್ಯಕ್ಷರಾದಾಗ ಟ್ರಾವೆಲ್ ಅವರ ಖಾಸಗಿ ವೈದ್ಯೆಯಾದರು. ಆ ಹುದ್ದೆಗೇರಿದ ಮೊದಲ ಮಹಿಳೆ ಅವರೇ. ಡೇವಿಡ್ ಸೈಮನ್ಸ್ ಜೊತೆ ಬರೆದ ಸ್ನಾಯುನೋವಿನ ಗ್ರಂಥ 1983ರಲ್ಲಿ ಹೊರಬಂದಾಗ ವಯಸ್ಸು ಎಂಬತ್ತು ದಾಟಿತ್ತು. 1997ರಲ್ಲಿ ತೀರಿಕೊಂಡರು.