ಏಕಲವ್ಯನಿಗೆ ಬಿಲ್ಲು ಯಾಕೆ ಬೇಕಿತ್ತು? – ಕೈಲಾಸಂ ನೆನಪು



ಬಂಧುಗಳೇ, ಇವತ್ತಿನ ಚಿಂತನೆಗೆ ಒಬ್ಬ ನಾಟಕಕಾರರ ಬದುಕನ್ನು ತಂದಿದ್ದೇನೆ. ಅದಕ್ಕೆ ಕಾರಣ ನಮ್ಮ ತಳಕಿನ ಕಡೆಯ ಒಬ್ಬ ಹುಡುಗ.

ಹೋದ ವಾರ ಏಳನೇ ತರಗತಿಗೆ ಏಕಲವ್ಯನ ಕಥೆ ಹೇಳಿದೆ. ಗುರುಭಕ್ತಿ, ತ್ಯಾಗ ಅಂತ ನಾವೆಲ್ಲ ಹೇಳುವ ಹಾಗೇ ಹೇಳಿ ಮುಗಿಸಿದೆ. ಕುರಿ ಸಾಕುವ ಮನೆಯ ಹುಡುಗನೊಬ್ಬ ಎದ್ದು ನಿಂತ. ಬೆರಳು ಹೋದಮೇಲೆ ಅವನ ಕಾಡಿಗೆ ತೋಳ ಬಂದರೆ ಯಾರು ಕಾಯುತ್ತಾರೆ ಎಂದು ಕೇಳಿದ. ಮಕ್ಕಳೆಲ್ಲ ನಕ್ಕರು. ನಾನು ನಗಲಿಲ್ಲ. ಇದೇ ಪ್ರಶ್ನೆಯ ಸುತ್ತ ಒಬ್ಬರು ನಾಟಕವನ್ನೇ ಬರೆದಿದ್ದಾರೆ ಎಂಬುದು ನೆನಪಾಯಿತು. ಅವರು ಟಿ.ಪಿ. ಕೈಲಾಸಂ.

ತ್ಯಾಗರಾಜ ಪರಮಶಿವ ಕೈಲಾಸಂ ಹುಟ್ಟಿದ್ದು 1884ರಲ್ಲಿ. ತಂದೆ ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರು, ಮನೆಮಾತು ತಮಿಳು. ಮದರಾಸಿನಲ್ಲಿ ಓದಿ, ಲಂಡನ್ನಿಗೆ ಹೋಗಿ ಭೂಗರ್ಭಶಾಸ್ತ್ರ ಕಲಿತರು. ಅಲ್ಲಿ ಪಾಠದ ಜೊತೆಗೆ ಅಲ್ಲಿನ ರಂಗಭೂಮಿಯೂ ಅವರನ್ನು ಹಿಡಿದುಕೊಂಡಿತು. ಊರಿಗೆ ಬಂದು ಸಂಸ್ಥಾನದ ಭೂಗರ್ಭ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಒಳ್ಳೆಯ ಹುದ್ದೆ, ದೊಡ್ಡ ಮನೆತನ. ಆದರೆ ಅದನ್ನೆಲ್ಲ ಬಿಟ್ಟು ನಾಟಕದ ಹಿಂದೆ ಹೊರಟರು.

ಆಗಿನ ಕಂಪನಿ ನಾಟಕಗಳಲ್ಲಿ ರಾಜರು, ದೇವತೆಗಳು, ಹಾಡುಗಳು ತುಂಬಿರುತ್ತಿದ್ದವು. ಕೈಲಾಸಂ ಅಡುಗೆಮನೆ, ಹಜಾರ, ವಕೀಲರ ಕೋಣೆಯನ್ನು ರಂಗಕ್ಕೆ ತಂದರು. ಇಂಗ್ಲಿಷ್ ಬೆರೆತ ಆಡುಮಾತು ಮೊದಲ ಸಲ ಅಷ್ಟು ಸಲೀಸಾಗಿ ವೇದಿಕೆ ಹತ್ತಿತು. 'ಟೊಳ್ಳು ಗಟ್ಟಿ'ಯಲ್ಲಿ ಒಬ್ಬ ಮಗ ಪುಸ್ತಕದ ಹುಳು, ಇನ್ನೊಬ್ಬ ಪರೀಕ್ಷೆಯಲ್ಲಿ ಹಿಂದೆ. ಕಷ್ಟ ಬಂದಾಗ ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ತಾನಾಗಿ ತಿಳಿಯುತ್ತದೆ. 'ಬಹಿಷ್ಕಾರ'ದಲ್ಲಿ ಜಾತಿಕಟ್ಟು ತನ್ನವರನ್ನೇ ಹೇಗೆ ಹಿಂಡುತ್ತದೆ ಎಂದು ತೋರಿಸಿದರು.

ಅವರು ಕೂತು ಬರೆದದ್ದು ಕಡಿಮೆ. ನಾಟಕವೆಲ್ಲ ತಲೆಯಲ್ಲಿರುತ್ತಿತ್ತು, ಅವರು ಹೇಳುತ್ತಿದ್ದರು, ಗೆಳೆಯರು ಶಿಷ್ಯರು ಬರೆದುಕೊಳ್ಳುತ್ತಿದ್ದರು. ಹೀಗೆ ಉಳಿದದ್ದು ನಮಗೆ ಸಿಕ್ಕಿದೆ. ಅವರ ಬದುಕು ಮಾತ್ರ ಅಚ್ಚುಕಟ್ಟಾಗಿರಲಿಲ್ಲ. ಕುಡಿತ, ಸಿಗರೇಟು ಬಿಡಲಿಲ್ಲ, ಸಂಸಾರ ಕೂಡಿಬರಲಿಲ್ಲ. ಪಂಚಶೀಲ ಹೇಳುವ ನಾವು ಇದನ್ನು ಮುಚ್ಚಿಡಬೇಕಿಲ್ಲ, ಅದೊಂದನ್ನೇ ಹಿಡಿದು ಅಳೆಯಲೂಬೇಕಿಲ್ಲ. 1945ರಲ್ಲಿ ಮದರಾಸಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಮರುವರ್ಷ ತೀರಿಕೊಂಡರು.

ಈಗ ಏಕಲವ್ಯನಿಗೆ ಬರುತ್ತೇನೆ. ಪುರಾಣದ ವಸ್ತುಗಳನ್ನು ಕೈಲಾಸಂ ಇಂಗ್ಲಿಷಿನಲ್ಲಿ ಬರೆದರು. ಅವುಗಳಲ್ಲಿ 'ದಿ ಪರ್ಪಸ್' ಒಂದು. ಹೆಸರಿನ ಅರ್ಥವೇ ಉದ್ದೇಶ. ಅದರಲ್ಲಿ ಅರ್ಜುನನಿಗೆ ಬಿಲ್ವಿದ್ಯೆ ಬೇಕಾಗಿರುವುದು ಲೋಕದಲ್ಲಿ ತನಗಿಂತ ದೊಡ್ಡ ಬಿಲ್ಲುಗಾರ ಇರಬಾರದು ಎಂದು. ಏಕಲವ್ಯನಿಗೆ ಬೇಕಾಗಿರುವುದು ಅವನ ಕಾಡಿನ ಜಿಂಕೆಮರಿಗಳನ್ನು ತೋಳಗಳಿಂದ ಉಳಿಸಲು. ಒಂದೇ ವಿದ್ಯೆ, ಎರಡು ಉದ್ದೇಶ. ಕೊನೆಗೆ ಬೆರಳು ಹೋದದ್ದು ಯಾರದ್ದು ಎಂಬುದು ನಮಗೆ ಗೊತ್ತೇ ಇದೆ.

ಕರ್ಮದ ಬೇರು ಚೇತನದಲ್ಲಿ, ಅಂದರೆ ಉದ್ದೇಶದಲ್ಲಿದೆ ಎಂದು ಬುದ್ಧರು ತಿಳಿಸಿದ್ದನ್ನು ನಾವು ಓದಿದ್ದೇವೆ. ಅಂಗುಲಿಮಾಲನ ಕಥೆಯೂ ನೆನಪಿರಲಿ. ಅವನ ಗುರುವೂ ದಕ್ಷಿಣೆಯಾಗಿ ಬೆರಳುಗಳನ್ನೇ ಕೇಳಿದ್ದ, ಅದೂ ಸಾವಿರ. ಒಬ್ಬ ಗುರು ಶಿಷ್ಯನ ಬೆರಳು ತೆಗೆದುಕೊಂಡ, ಇನ್ನೊಬ್ಬ ಊರವರ ಬೆರಳು ತರಿಸಿದ. ಎರಡರಲ್ಲೂ ಕೆಟ್ಟದ್ದು ಕಲಿಸುವವರ ಉದ್ದೇಶ.

ಒಂದು ಮಾತು ಹೇಳಲೇಬೇಕು. ಕೈಲಾಸಂ ಬೇಡರ ಹಟ್ಟಿಯಲ್ಲಿ ಹುಟ್ಟಿದವರಲ್ಲ. ಅವರ ಕನ್ನಡ ನಾಟಕಗಳು ಹೆಚ್ಚಾಗಿ ಬ್ರಾಹ್ಮಣ ಮನೆಗಳ ಒಳಗೇ ಸುತ್ತುತ್ತವೆ. ನಿಷಾದನನ್ನು ಎತ್ತಿ ನಿಲ್ಲಿಸಿದ ನಾಟಕ ಬಂದದ್ದು ನಮ್ಮ ಹಟ್ಟಿಗೆ ತಿಳಿಯದ ಭಾಷೆಯಲ್ಲಿ. ಮುಂದೆ ಕುವೆಂಪು 'ಬೆರಳ್‌ಗೆ ಕೊರಳ್' ಬರೆದರು, ಆಮೇಲೆ ಸಿದ್ಧಲಿಂಗಯ್ಯ 'ಏಕಲವ್ಯ' ಬರೆದರು. ಅಷ್ಟು ಹೊತ್ತಿಗೆ ಕಥೆ ತನ್ನವರ ಕೈಗೆ ಬಂದಿತ್ತು.

ಅಮೆರಿಕದಲ್ಲಿ ಆಗಸ್ಟ್ ವಿಲ್ಸನ್ ಎಂಬ ಕಪ್ಪುಜನರ ನಾಟಕಕಾರ ಇದ್ದರು. ಶಾಲೆಯಲ್ಲಿ ಅವರು ಬರೆದ ಒಂದು ಪ್ರಬಂಧವನ್ನು ನೋಡಿ, ಇದು ನೀನು ಬರೆದದ್ದಲ್ಲ ಎಂದು ಶಿಕ್ಷಕರೊಬ್ಬರು ಅನುಮಾನಪಟ್ಟರು. ಹುಡುಗ ಶಾಲೆಯನ್ನೇ ಬಿಟ್ಟ, ಗ್ರಂಥಾಲಯದಲ್ಲಿ ಕೂತು ತಾನೇ ಕಲಿತ. ಮುಂದೆ ಇಪ್ಪತ್ತನೇ ಶತಮಾನದ ಒಂದೊಂದು ದಶಕಕ್ಕೆ ಒಂದರಂತೆ 10 ನಾಟಕ ಬರೆದು ತನ್ನ ಕೇರಿಯ ಮಾತನ್ನೇ ರಂಗಕ್ಕೆ ತಂದ. 2005ರಲ್ಲಿ ತೀರಿಕೊಂಡರು. ಅವರೂ ಗುರುವಿಲ್ಲದೆ ಕಲಿತ ಏಕಲವ್ಯರೇ, ಆದರೆ ಬೆರಳು ಉಳಿಸಿಕೊಂಡವರು.

ಇದನ್ನು ಓದಿದಾಗಲೆಲ್ಲ ಆ ಶಿಕ್ಷಕನ ಜಾಗದಲ್ಲಿ ನನ್ನನ್ನೇ ಕಂಡು ಅಳುಕುತ್ತೇನೆ. ಪ್ರಶ್ನೆ ಕೇಳಿದ ಆ ಹುಡುಗನ ಹೆಸರು ನಾನು ಬರೆದಿಟ್ಟ ಹಿಂದುಳಿದವರ ಪಟ್ಟಿಯಲ್ಲಿದೆ. ಎರಡು ಕಿರುಪರೀಕ್ಷೆಗೆ ಬಂದಿರಲಿಲ್ಲ, ಬೈದಿದ್ದೆ. ಯಾಕೆ ಬರಲಿಲ್ಲ ಎಂದು ಕೇಳಿರಲಿಲ್ಲ. ಮೊನ್ನೆ ಕೇಳಿದೆ. ಅಪ್ಪನಿಗೆ ಹುಷಾರಿರಲಿಲ್ಲವಂತೆ, ರೊಪ್ಪದ ಹತ್ತಿರ ತೋಳ ಸುಳಿದಿತ್ತಂತೆ, ರಾತ್ರಿಯೆಲ್ಲ ಮರಿಗಳನ್ನು ಕಾದನಂತೆ.

ಕೈಲಾಸಂ ನಾಟಕದ ಏಕಲವ್ಯ ನನ್ನ ತರಗತಿಯ ಕೊನೇ ಬೆಂಚಿನಲ್ಲಿ ಕೂತಿದ್ದ. ನಾನು ಅವನಿಗೆ ಗುರುಭಕ್ತಿ ಬೋಧಿಸುತ್ತಿದ್ದೆ.

ಈ ಸೋಮವಾರ ಅವನಿಗೊಬ್ಬನಿಗೇ ಆ ಪರೀಕ್ಷೆ ಮತ್ತೆ ಕೊಡುತ್ತೇನೆ. ಬಂಧುಗಳೇ, ನಿಮ್ಮ ಮನೆಯಲ್ಲೂ, ಕೆಲಸದಲ್ಲೂ ಯಾರನ್ನಾದರೂ ದಡ್ಡ ಎಂದು ಬದಿಗಿಟ್ಟಿದ್ದರೆ, ಇವತ್ತು ಅವರನ್ನು ಒಂದು ಸಲ ಯಾಕೆ ಎಂದು ಕೇಳಿ ನೋಡಿ.