ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಮತ್ತು ಮೈಸೂರು ರೇಷ್ಮೆ

ರೇಷ್ಮೆ ಕೃಷಿಯ ಸೌಲಭ್ಯಗಳಿಗಾಗಿ ಅರ್ಜಿ ಸಲ್ಲಿಸುವ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ, ಮೈಸೂರು ರೇಷ್ಮೆ ನೇಯ್ಗೆ ಕಾರ್ಖಾನೆಯ ಸ್ಥಾಪಕರ ಜೀವನ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು 1884ರ ಜೂನ್ 4ರಂದು ಜನಿಸಿದರು. ತಂದೆ ಶ್ರೀ ಚಾಮರಾಜೇಂದ್ರ ಒಡೆಯರ್ ಅವರು 1894ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ನಿಧನರಾದಾಗ ಇವರಿಗೆ ಹತ್ತು ವರ್ಷ. ತಾಯಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿ ಆಡಳಿತ ನಡೆಸಿದರು. 1902ರ ಆಗಸ್ಟ್ 8ರಂದು ಮಹಾರಾಜರು ಪೂರ್ಣ ಅಧಿಕಾರ ವಹಿಸಿಕೊಂಡರು.

ಟಿಪ್ಪು ಸುಲ್ತಾನನ ಕಾಲದಲ್ಲಿ ನೆಲೆಯೂರಿದ ರೇಷ್ಮೆ ಕೃಷಿಯು ಹತ್ತೊಂಬತ್ತನೆಯ ಶತಮಾನದಲ್ಲಿ ಹುಳುಗಳ ರೋಗದಿಂದ ತೀವ್ರ ಹಾನಿಗೊಳಗಾಗಿತ್ತು. ಜಮ್‌ಷೆಡ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನೀ ಮಾದರಿಯ ರೇಷ್ಮೆ ಕ್ಷೇತ್ರವನ್ನು ಆರಂಭಿಸಿ ಹೊಸ ದಾರಿ ತೋರಿದ್ದರು. ಮಹಾರಾಜರು 1912ರಲ್ಲಿ ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆಯನ್ನು ಸ್ಥಾಪಿಸಿದರು. ಆರಂಭದಲ್ಲಿ ಇಲ್ಲಿನ ಬಟ್ಟೆ ರಾಜಮನೆತನಕ್ಕೂ, ಅಲಂಕಾರದ ಬಟ್ಟೆ ಸೇನೆಗೂ ಪೂರೈಕೆಯಾಗುತ್ತಿತ್ತು. ಅರಮನೆಗಾಗಿ ಹುಟ್ಟಿದ ಕಾರ್ಖಾನೆಯು ಕಾಲಕ್ರಮೇಣ ಜನಸಾಮಾನ್ಯರ ಮದುವೆ ಮನೆಗಳನ್ನು ತಲುಪಿದ್ದು ಅದರ ಚರಿತ್ರೆಯ ಮುಖ್ಯ ಅಂಶವೆನ್ನಬಹುದು.

ಮಹಾರಾಜರ ಆಳ್ವಿಕೆಯ ಕೊನೆಯ ದಶಕವು ರೇಷ್ಮೆ ಬೆಳೆಗಾರರಿಗೆ ಕಷ್ಟದ ಕಾಲವಾಗಿತ್ತು. ಜಪಾನ್ ಮತ್ತು ಚೀನಾದ ಅಗ್ಗದ ರೇಷ್ಮೆಯೂ ಕೃತಕ ರೇಷ್ಮೆಯೂ ಮಾರುಕಟ್ಟೆಯನ್ನು ತುಂಬಿ, ಗೂಡಿನ ಬೆಲೆ ಕುಸಿಯಿತು. ಸುಂಕ ಮಂಡಳಿಯ ವಿಚಾರಣೆಯ ನಂತರ 1934ರಲ್ಲಿ ಆಮದಿನ ಮೇಲೆ ರಕ್ಷಣಾ ಸುಂಕ ವಿಧಿಸಲಾಯಿತು. ಹಿಪ್ಪುನೇರಳೆ ಸೊಪ್ಪು ಕೊಯ್ಯುವ ರೈತನ ಆದಾಯವು ದೂರದ ಬಂದರಿನ ಸುಂಕವನ್ನು ಅವಲಂಬಿಸಿರುವುದು ಹೊಸ ವಿಷಯವೇನಲ್ಲ.

ಕಾವೇರಿಯ ಪ್ರವಾಹಕ್ಕೆ ತುತ್ತಾದ ಎಡತೊರೆಯ ಜನರಿಗಾಗಿ ಎತ್ತರದ ಸ್ಥಳದಲ್ಲಿ ಕಟ್ಟಿದ ಹೊಸ ಪಟ್ಟಣಕ್ಕೆ ಮಹಾರಾಜರ ಹೆಸರನ್ನೇ ಇಡಲಾಯಿತು. ಅದೇ ಇಂದಿನ ಕೃಷ್ಣರಾಜನಗರ. ಮಹಾರಾಜರು 1940ರ ಆಗಸ್ಟ್ 3ರಂದು ಬೆಂಗಳೂರಿನಲ್ಲಿ ನಿಧನರಾದರು.

ಸ್ವಾತಂತ್ರ್ಯಾನಂತರ ಕಾರ್ಖಾನೆಯು ರೇಷ್ಮೆ ಇಲಾಖೆಯ ಅಧೀನಕ್ಕೆ ಬಂದು, 1980ರಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮಕ್ಕೆ ಹಸ್ತಾಂತರಗೊಂಡಿತು. ನಿಗಮದ ಸೀರೆಯ ಜರಿಯಲ್ಲಿ ಶೇ. 65ರಷ್ಟು ಬೆಳ್ಳಿ ಮತ್ತು ಶೇ. 0.65ರಷ್ಟು ಚಿನ್ನವಿರುತ್ತದೆ. ಮೈಸೂರು ರೇಷ್ಮೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ.

ಸೀರೆ, ಪಂಚೆ, ಅಂಗಿಗಳ ಜೊತೆಗೆ ರೇಷ್ಮೆಯ ಟೈ ಸಹ ನಿಗಮದ ಉತ್ಪನ್ನಗಳಲ್ಲಿ ಸೇರಿದೆ. ಟೈ ಪರದೇಶದ ಉಡುಪಾದರೂ ಅದರ ಮೇಲಿನ ಚಿತ್ತಾರ ನಮಗೆ ಅಪರಿಚಿತವಲ್ಲ. ಸೀರೆಯ ಸೆರಗಿನಲ್ಲಿ ನಾವು ಮಾವಿನಕಾಯಿ ಎಂದು ಕರೆಯುವ ವಿನ್ಯಾಸವು ಕಾಶ್ಮೀರದ ಶಾಲುಗಳ ಮೂಲಕ ಯೂರೋಪನ್ನು ತಲುಪಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಪಟ್ಟಣದ ಮಗ್ಗಗಳು ಅದನ್ನು ಅನುಕರಿಸಿ ನೇಯ್ದವು. ಆ ಊರಿನ ಹೆಸರೇ ವಿನ್ಯಾಸಕ್ಕೆ ಅಂಟಿಕೊಂಡು, ಪ್ರಪಂಚದಾದ್ಯಂತ ರೇಷ್ಮೆ ಟೈಗಳ ಮೇಲೆ ಅದು ಇಂದಿಗೂ ಕಾಣಸಿಗುತ್ತದೆ. ಒಂದು ಸೀರೆಯ ಮುಂದೆ ಟೈಗೆ ಬೇಕಾಗುವ ಬಟ್ಟೆ ಅತ್ಯಲ್ಪ; ಅದರ ಬೆಲೆಯ ಬಹುಭಾಗ ವಿನ್ಯಾಸಕ್ಕೆ ಮತ್ತು ಹೊಲಿಗೆಯ ಕುಶಲತೆಗೆ ಸಲ್ಲುತ್ತದೆ.

ಮೈಸೂರಿನ ನೇಯ್ಗೆ ಕಾರ್ಖಾನೆಯು ಮಾನಂದವಾಡಿ ರಸ್ತೆಯಲ್ಲಿದೆ. ಹೆಗ್ಗಡದೇವನಕೋಟೆಯ ಕಡೆಯಿಂದ ನಗರಕ್ಕೆ ಬರುವವರಿಗೆ ಇದು ದಾರಿಯಲ್ಲಿಯೇ ಸಿಗುತ್ತದೆ.