ಸೋರ್ಬಾನಿನ ಬಾಗಿಲಿಗೆ ಎಂಟು ವರುಷ

ರೇಡಿಯಂ ಕಂಡುಹಿಡಿದ ಮೇಡಂ ಕ್ಯೂರಿಯ ಹೆಸರನ್ನು ಕೇಳದ ವಿದ್ಯಾರ್ಥಿಯಿಲ್ಲ. ಎರಡು ಸಲ ನೊಬೆಲ್ ಬಹುಮಾನ ಪಡೆದ ಆಕೆಯ ಸಂಶೋಧನೆಗಳನ್ನು ಕುರಿತು ಬರೆಯುವ ಯೋಗ್ಯತೆ ಕಲಾವಿಭಾಗದವನಾದ ನನಗಿಲ್ಲ. ಶಾಲೆ ಮುಗಿಸಿದ ಮೇಲೆ ವಿಶ್ವವಿದ್ಯಾನಿಲಯದ ಬಾಗಿಲನ್ನು ಮುಟ್ಟಲು ಆಕೆಗೆ ಹಿಡಿದ ಎಂಟು ವರುಷಗಳ ಮಾತಷ್ಟೇ ಇಲ್ಲಿದೆ.

1867ರ ನವೆಂಬರ್ 7ರಂದು ಪೋಲೆಂಡಿನ ವಾರ್ಸಾ ನಗರದಲ್ಲಿ ಹುಟ್ಟಿದ ಈಕೆಗೆ ತಂದೆತಾಯಿಗಳಿಟ್ಟ ಹೆಸರು ಮಾರಿಯಾ. ಆ ನಾಡು ಆಗ ರಷ್ಯದ ಚಕ್ರವರ್ತಿಯ ಕೈಯಲ್ಲಿತ್ತು. ತಂದೆ ಗಣಿತ, ಭೌತಶಾಸ್ತ್ರಗಳ ಉಪಾಧ್ಯಾಯರು. ತಾಯಿ 1878ರಲ್ಲಿ ಕ್ಷಯದಿಂದ ತೀರಿಕೊಂಡರು. 1883ರಲ್ಲಿ, ಹದಿನೈದನೆಯ ವಯಸ್ಸಿಗೇ, ಮಾರಿಯಾ ಚಿನ್ನದ ಪದಕದೊಡನೆ ಶಾಲೆ ಮುಗಿಸಿದಳು. ಆದರೆ ವಾರ್ಸಾ ವಿಶ್ವವಿದ್ಯಾನಿಲಯದಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಪ್ಯಾರಿಸಿನ ಸೋರ್ಬಾನಿನಲ್ಲಿ ಇತ್ತು. ಅಲ್ಲಿಗೆ ಹೋಗಲು ಹಣವಿರಲಿಲ್ಲ. ಅಕ್ಕ ಬ್ರೋನ್ಯಳಿಗೂ ಅದೇ ಆಸೆ, ಅದೇ ತೊಡಕು.

ಉಪಾಯ ಹೂಡಿದವಳು ತಂಗಿ. ಅಕ್ಕ ಮೊದಲು ಪ್ಯಾರಿಸಿಗೆ ಹೋಗಿ ವೈದ್ಯವಿದ್ಯೆ ಓದಬೇಕು, ತಾನು ದುಡಿದು ಹಣ ಕಳುಹಿಸಬೇಕು. ಅಕ್ಕ ಡಾಕ್ಟರಾದ ಮೇಲೆ ತನ್ನನ್ನು ಕರೆಸಿಕೊಳ್ಳಬೇಕು. ಹೀಗೆಂದು ಒಪ್ಪಂದವಾಯಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನನ್ನ ಫೀಜಿಗಾಗಿ ಯಾರು ಯಾರು ಏನೇನು ಬಿಟ್ಟುಕೊಟ್ಟರೆಂಬುದನ್ನು ಬಲ್ಲೆ. ಆದುದರಿಂದಲೋ ಏನೋ, ತಂಗಿಯ ದುಡಿಮೆಯಿಂದ ಬಂದ ಹಣದಲ್ಲಿ ಪುಸ್ತಕ ಕೊಳ್ಳುವಾಗ ಬ್ರೋನ್ಯಳಿಗೆ ಏನನ್ನಿಸಿತ್ತೋ ಎಂದು ಮತ್ತೆ ಮತ್ತೆ ಯೋಚನೆಯಾಗುತ್ತದೆ.

1886ರ ಜನವರಿಯಲ್ಲಿ ಮಾರಿಯಾ ದೂರದ ಹಳ್ಳಿಯೊಂದರ ಸ್ಥಿತಿವಂತರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿದಳು. ಸಂಬಳ ವರುಷಕ್ಕೆ 500 ರೂಬಲ್. ಸುತ್ತಲೂ ಸಕ್ಕರೆ ತೆಗೆಯುವ ಬೀಟ್ ಗೆಡ್ಡೆಯ ಹೊಲಗಳು. ಹಗಲೆಲ್ಲ ಪಾಠ, ಬಿಡುವಿನಲ್ಲಿ ರೈತರ ಮಕ್ಕಳನ್ನು ಕೂರಿಸಿಕೊಂಡು, ಸರಕಾರದ ಕಣ್ಣಿಗೆ ಬೀಳದಂತೆ, ಪೋಲಿಷ್ ಅಕ್ಷರ ತಿದ್ದಿಸುವುದು, ರಾತ್ರಿ ತನ್ನ ಓದು. ಗಣಿತದ ತೊಡಕುಗಳನ್ನು ತಂದೆ ಕಾಗದದ ಮೂಲಕ ಬಿಡಿಸಿಕೊಡುತ್ತಿದ್ದರು. ಸಾಹಿತ್ಯವೋ, ಸಮಾಜಶಾಸ್ತ್ರವೋ, ವಿಜ್ಞಾನವೋ ಎಂದು ಹೊಯ್ದಾಡುತ್ತಿದ್ದ ಮನಸ್ಸು ಕೊನೆಗೆ ಗಣಿತ, ಭೌತಶಾಸ್ತ್ರಗಳಲ್ಲಿ ನಿಂತದ್ದು ಇಲ್ಲಿಯೇ. ಆ ಮನೆಯ ಹಿರಿಯ ಮಗನಿಗೂ ಈಕೆಗೂ ಪ್ರೇಮವಾಯಿತು. ಪಾಠ ಹೇಳುವ ಬಡ ಹುಡುಗಿಯನ್ನು ಸೊಸೆಯಾಗಿ ತಂದುಕೊಳ್ಳಲು ಅವನ ತಂದೆತಾಯಿಗಳು ಒಪ್ಪಲಿಲ್ಲ. ಆದರೂ ಆಕೆ ಕೆಲಸ ಬಿಡಲಿಲ್ಲ. ಅಕ್ಕನಿಗೆ ಹಣ ಹೋಗಬೇಕಾಗಿತ್ತಲ್ಲ!

1890ರಲ್ಲಿ ಬ್ರೋನ್ಯಳಿಂದ ಕರೆ ಬಂದಾಗ ಮಾರಿಯಾ ಕೂಡಲೇ ಹೊರಡಲಿಲ್ಲ. ವಯಸ್ಸಾದ ತಂದೆಯನ್ನು ಬಿಟ್ಟು ಹೋಗಲು ಮನಸ್ಸಾಗಲಿಲ್ಲ; ಇಷ್ಟು ವರುಷ ಕಾದು ಆಸೆಯೂ ಬತ್ತಿತ್ತು. ಆದರೆ ವಾರ್ಸಾದಲ್ಲಿ ಸೋದರಸಂಬಂಧಿಯೊಬ್ಬರ ಪ್ರಯೋಗಶಾಲೆಯಲ್ಲಿ ಸಂಜೆ ಹೊತ್ತು, ಭಾನುವಾರಗಳಂದು ಸ್ವತಃ ಪ್ರಯೋಗ ಮಾಡುವ ಅವಕಾಶ ದೊರೆತ ಮೇಲೆ ಮನಸ್ಸು ಗಟ್ಟಿಯಾಯಿತು. 1891ರ ನವೆಂಬರಿನಲ್ಲಿ ಸೋರ್ಬಾನ್ ಸೇರಿದಾಗ ಆಕೆಗೆ ಇಪ್ಪತ್ತನಾಲ್ಕು ತುಂಬುತ್ತಿತ್ತು.

ಸೇರಿದ ಮೇಲೆ ತಿಳಿದದ್ದೇನು? ಅಷ್ಟು ವರುಷ ಒಂಟಿಯಾಗಿ ಮಾಡಿದ ಸಿದ್ಧತೆ ಸಾಲದು ಎಂದು! ಫ್ರೆಂಚ್ ಹುಡುಗರು ಗಣಿತದಲ್ಲಿ ಬಹಳ ಮುಂದಿದ್ದರು. ಉಪನ್ಯಾಸದ ಭಾಷೆಯೂ ಒಮ್ಮೊಮ್ಮೆ ಕೈಕೊಡುತ್ತಿತ್ತು. ಅಕ್ಕನ ಮನೆ ಬಿಟ್ಟು, ಕಾಲೇಜಿನ ಹತ್ತಿರ ಮಹಡಿಯ ಮೇಲಿನ ಚಳಿಕೋಣೆಯೊಂದನ್ನು ಹಿಡಿದು, ಅರೆಹೊಟ್ಟೆಯಲ್ಲಿ ಓದಿದಳು. 1893ರ ಭೌತಶಾಸ್ತ್ರದ ಪದವಿ ಪರೀಕ್ಷೆಯಲ್ಲಿ ಮೊದಲನೆಯವಳಾಗಿ, ಮರುವರುಷ ಗಣಿತದಲ್ಲಿ ಎರಡನೆಯವಳಾಗಿ ತೇರ್ಗಡೆಯಾದಳು.

ಆ ಗಣಿತದ ಓದಿಗೆ ನೆರವಾದದ್ದು ಪೋಲೆಂಡಿನಿಂದ ಬಂದ 600 ರೂಬಲ್ ವಿದ್ಯಾರ್ಥಿವೇತನ. ಮುಂದೆ ಉಕ್ಕಿನ ಅಯಸ್ಕಾಂತ ಗುಣಗಳನ್ನು ಪರೀಕ್ಷಿಸುವ ಕೆಲಸದಿಂದ ನಾಲ್ಕು ಕಾಸು ಕೈಗೆ ಬಂದೊಡನೆ ಆಕೆ ಆ ಹಣವನ್ನು ಪೂರ್ತಿಯಾಗಿ ಹಿಂದಿರುಗಿಸಿದಳು. ಯಾರೂ ಕೇಳಿರಲಿಲ್ಲ. ತನ್ನಂಥ ಇನ್ನೊಬ್ಬ ಬಡ ವಿದ್ಯಾರ್ಥಿ ಎಲ್ಲೋ ಕಾಯುತ್ತಿರಬಹುದೆಂಬುದು ಆಕೆಯ ಲೆಕ್ಕ.